ಕಪ್ಪು ಚುಕ್ಕೆ

ಸಂದೇಶ ಬಂದದ್ದು ಇವರ ಫೋನಿಗೆ.
ಮೊದಲು ಅರಬಿಯಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ:
ನೂರರ ರಸ್ತೆಯಲ್ಲಿ ನೂರ ಇಪ್ಪತ್ತೇಳು,
ಶುಕ್ರವಾರ, ಬೆಳಿಗ್ಗೆ ಆರೂ ಹದಿನೆಂಟು,
ವಾಹನ ಬಿಳಿ ಸನ್ನಿ,
ಮಾಲೀಕ ಹಂಝ ಉಮರಬ್ಬ.

ಆರೂ ಹದಿನೆಂಟಕ್ಕೆ ಹಂಝ ಉಮರಬ್ಬ
ಕೋಲ್ಡ್ ಸ್ಟೋರೇಜಿನ ರಾತ್ರಿ ಪಾಳಿ ಮುಗಿಸಿ ಬಂದು
ಎರಡು ಕಂಬಳಿಯೊಳಗೆ ಬಾಯಿ ತೆರೆದು ಮಲಗಿದ್ದರು.
ಬೇಸಗೆಯಲ್ಲೂ ಎರಡು ಬೇಕು ಅವರಿಗೆ,
ಮೂಳೆಯಲ್ಲಿ ಇನ್ನೂ ಮೀನಿನ ಮಂಜುಗಡ್ಡೆ ಉಂಟಂತೆ.

"ಕಟ್ಟಿ ಬಿಡುವ ಮಾರಾಯ್ತಿ," ಅಂದರು ಎದ್ದ ಮೇಲೆ,
"ಬೇಗ ಕಟ್ಟಿದರೆ ರಿಯಾಯಿತಿ ಉಂಟು.
ಕೋರ್ಟು ಗೀರ್ಟು ಅಂತ ಹೋದರೆ
ಟೈಪಿಂಗಿಗೆ ಇಷ್ಟು, ಅನುವಾದಕ್ಕೆ ಅಷ್ಟು,
ಒಂದು ದಿನದ ಸಂಬಳ ಕಟ್.
ಗೆದ್ದರೂ ಸೋತ ಲೆಕ್ಕವೇ."
ಅವರ ಲೆಕ್ಕ ಯಾವಾಗಲೂ ಸರಿ.
ಸಿಟ್ಟು ಮಾಡಲಿಲ್ಲ, ಎಲ್ಲಿಗೆ ಹೋಗಿದ್ದೆ ಎಂದೂ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ:
ಮಸಾಫಿಯ ಸಂತೆಗೆ, ಬಸಳೆ ನೆಡಲು ಒಂದು ಮಣ್ಣಿನ ಚಟ್ಟಿ ತರಲು.
ಚಟ್ಟಿ ಶಾರ್ಜಾದಲ್ಲೂ ಸಿಗುತ್ತದೆ, ನಮ್ಮ ಕಟ್ಟಡದ ಕೆಳಗೇ.
ಅದು ಬೇರೆ ವಿಷಯ.

ಆರು ಸಲ ಫೇಲು ನಾನು.
ಮೊದಲ ಸಲ ಕನ್ನಡಿ ನೋಡಲಿಲ್ಲವೆಂದು,
ಎರಡನೆಯ ಸಲ ಕನ್ನಡಿಯನ್ನೇ ನೋಡುತ್ತಿದ್ದೆನೆಂದು,
ಮತ್ತಿನದ್ದಕ್ಕೆ ಕಾರಣವನ್ನೇ ಹೇಳಲಿಲ್ಲ,
ಪರೀಕ್ಷೆಯವಳು ಕಾಗದದ ಮೇಲೆ ಗೀಟೆಳೆದು ಇಳಿ ಅಂದಳು.
"ಬ್ರೇಕಿನ ಮೇಲೆ ಕಾಲಿಟ್ಟೇ ಬದುಕುತ್ತೀಯಲ್ಲ ಮೈಮೂನಾ,"
ಕಲಿಸಿದ ಮಾರಿಸೆಲ್ ತಲೆ ಚಚ್ಚಿಕೊಂಡಳು.
ಏಳನೆಯದಕ್ಕೆ ಚೀಟಿಯ ದುಡ್ಡು ಹೋಯಿತು,
ಪತ್ತಿರ್ ತಟ್ಟಿ ತಟ್ಟಿ
ಬ್ಯಾಚುಲರ್ ಕೋಣೆಗಳಿಗೆ ಮಾರಿದ ದುಡ್ಡು.

ಧೈದ್ ದಾಟಿದ ಮೇಲೆ ರಸ್ತೆಯಲ್ಲಿ ಯಾರೂ ಇರಲಿಲ್ಲ.
ಎಡಕ್ಕೆ ಬೇಲಿ, ಬೇಲಿಯಾಚೆ ಒಂಟೆ,
ಎದುರಿನ ಬೆಟ್ಟದ ನೆತ್ತಿಯಿಂದ ಬೆಳಕು.
ಬ್ರೇಕಿನಿಂದ ಕಾಲು ತೆಗೆದೆ.
ಅವಸರವಿರಲಿಲ್ಲ, ಯಾರೂ ಸಾಯುತ್ತಿರಲಿಲ್ಲ,
ಯಾರಿಗೂ ಚಹಾ ತಡವಾಗುತ್ತಿರಲಿಲ್ಲ.
ಸೀಟಿನ ಕೆಳಗಿನಿಂದ ಒಂದು ನಡುಕ ಬೆನ್ನಿಗೇರಿತು,
ಜೋರಾಗಿ ಏನೋ ಕೂಗಿದೆ, ಯಾವ ಭಾಷೆಯಲ್ಲೋ.
ಬದಿಯ ಕಂಬ ಫಳ್ ಎಂದಿತು.
ಮಿಂಚು ಎಂದುಕೊಂಡೆ,
ಮಳೆಯಿಲ್ಲದ ಊರಲ್ಲಿ.

ಟೈಪಿಂಗ್ ಅಂಗಡಿಯ ಸುಡಾನಿ ಮುದುಕ
ಕನ್ನಡಕ ಏರಿಸಿ ಕೇಳಿದ: ಆಕ್ಷೇಪಣೆಗೆ ಕಾರಣ?
ಕಾರು ನಿಮ್ಮದಲ್ಲವೆ? ಕ್ಯಾಮರಾ ಸುಳ್ಳೆ?
ಕ್ಯಾಮರಾ ಸರಿ, ಅಂದೆ. ವೇಗವೂ ಸರಿ.
ಹೆಸರು ತಪ್ಪು.
ಓಡಿಸಿದ್ದು ನಾನು.
ಅವನ ಬೆರಳುಗಳು ಅಕ್ಷರಗಳ ಮೇಲೆಯೇ ನಿಂತವು.
ಚಿತ್ರ ತೆಗೆದು ತೋರಿಸಿದ:
ನಂಬರ್ ಪ್ಲೇಟು ಕನ್ನಡಿಯಷ್ಟು ಸ್ಪಷ್ಟ,
ಗಾಜಿಗೆ ಸೂರ್ಯ ಬಡಿದು
ಓಡಿಸುವವರ ಜಾಗದಲ್ಲಿ ಬರೀ ಬೆಳಕು.
ಹಾಗೆ ಬರೆದರೆ ದಂಡ ಹೋಗುವುದಿಲ್ಲ ತಾಯಿ, ಅಂದ,
ಕಪ್ಪು ಚುಕ್ಕೆ ನಿಮ್ಮ ಲೈಸೆನ್ಸಿಗೆ ಬೀಳುತ್ತದೆ,
ಅಷ್ಟೇ ಲಾಭ.

ಅಷ್ಟೇ ಲಾಭ.
ಹನ್ನೊಂದು ವರ್ಷ ಈ ದೇಶದಲ್ಲಿ.
ವೀಸಾದಲ್ಲಿ ಇವರ ಹೆಂಡತಿ,
ಬಾಡಿಗೆ ಪತ್ರದಲ್ಲಿ ಇಲ್ಲವೇ ಇಲ್ಲ,
ಸಿಮ್ಮು ಇವರ ಹೆಸರಲ್ಲಿ,
ಕರೆಂಟು ಬಿಲ್ಲೂ ಇವರಿಗೇ ಸಲಾಂ ಹೇಳುತ್ತದೆ.
ನಾನು ಮಾಡಿದ ಒಂದೇ ಒಂದು ತಪ್ಪು,
ಅದೂ ಇವರದ್ದಾಯಿತು.
ಮಗುವಿನ ಕೆನ್ನೆಗೆ ಉಮ್ಮ ಹಚ್ಚುವ ಕಾಡಿಗೆಯಷ್ಟು
ಒಂದು ಚುಕ್ಕೆ ಇದ್ದರೆ ಏನೀಗ?
ನೋಡುವವರು ಇದ್ದಾರೆ ಎಂದು ತಾನೆ
ಅದನ್ನು ಹಚ್ಚುವುದು?

ರಿಯಾಯಿತಿಗೆ ಇನ್ನು ಎರಡು ದಿನ.
ದುಡ್ಡು ಎಣಿಸಿ ಸಕ್ಕರೆ ಡಬ್ಬದಲ್ಲಿಟ್ಟಿದ್ದೇನೆ,
ಅರ್ಜಿ ಮಡಚಿ ಚಟ್ಟಿಯ ಅಡಿಗೆ.
ನೀರು ಹಾಕುವಾಗ ಒಂದು ಮೂಲೆ ಒದ್ದೆಯಾಯಿತು.
ಬಸಳೆ ಕಿಟಕಿಯ ಸರಳು ಹಿಡಿದಾಗಿದೆ.
ಇವರು ಕಂಬಳಿ ಎಳೆದುಕೊಂಡು ಆ ಬದಿಗೆ ಹೊರಳಿದರು.

ಕಾರಿನ ಕೀ ಮೊಳೆಯಲ್ಲಿ ತೂಗುತ್ತಿದೆ.
ಕೋರ್ಟಿಗೂ, ದಂಡ ಕಟ್ಟುವ ಕಚೇರಿಗೂ
ಮೂರನೆಯ ಸಿಗ್ನಲ್ಲಿನವರೆಗೆ ದಾರಿ ಒಂದೇ.
ಅಲ್ಲಿಯವರೆಗೆ ಅರವತ್ತರಲ್ಲೇ ಹೋದರಾಯಿತು.